ಬೀಜದ ಎಣ್ಣೆ ಹೇಳುವ ಮನೆತನ

(ಕಲಬುರಗಿಯಲ್ಲಿ ವಿಜ್ಞಾನ ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು ಮತ್ತು ಕೆಲವು ರೈತರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟಿದ್ದ ಒಂದೆರಡು ಸಂಗತಿ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು. ಬೀಜದ ಎಣ್ಣೆ ನೋಡಿ ಯಾವ ಗಿಡ ಯಾವುದಕ್ಕೆ ನೆಂಟ ಅಂತ ಹೇಳಬಹುದಾ ಅನ್ನುವುದೇ ಇವತ್ತಿನ ಮಾತು.

ಮುಂದಿನ ಸಾಲಿನವರ ಕೈಗೆ ಎರಡು ಬೀಜ ಕೊಟ್ಟಿದ್ದೇನೆ. ನೋಡಿ ಹಿಂದಿನವರಿಗೆ ದಾಟಿಸಿ. ಒಂದು ಬೇವಿನದು, ಇನ್ನೊಂದು ಹುಚ್ಚುಬೇವಿನದು. ನಾನು ಹುಟ್ಟಿದ್ದು ಚಿಂಚೋಳಿ ಕಡೆಯ ಹಳ್ಳಿಯಲ್ಲಿ. ಕಾರಹುಣ್ಣಿಮೆ ಆಸುಪಾಸಿನಲ್ಲಿ ಬೇವಿನ ಹಣ್ಣು ಉದುರುತ್ತಿದ್ದವು. ನಮ್ಮ ಆಯಿ ಅವನ್ನು ಆರಿಸಿ, ತೊಳೆದು, ಒಣಗಿಸಿ ಎಣ್ಣೆ ತೆಗೆಸುತ್ತಿದ್ದಳು. ಎತ್ತಿನ ಹೆಗಲಿನ ಗಾಯಕ್ಕೆ ಅದೇ ಔಷಧಿ. ಒಂದು ಸಲ ನಾನು ಹುಮ್ಮಸ್ಸಿನಲ್ಲಿ ಒಂದು ಪುಟ್ಟಿ ತುಂಬ ಹುಚ್ಚುಬೇವಿನ ಹಣ್ಣು ಆರಿಸಿ ತಂದು ಅದೇ ರಾಶಿಗೆ ಸುರಿದೆ. ಆಯಿ ಎರಡು ಹಣ್ಣು ಬೆರಳಲ್ಲಿ ಹಿಚುಕಿ, "ಇದು ನಮ್ಮ ಬೇವಲ್ಲೋ ತಮ್ಮ, ಇದರ ಎಣ್ಣಿ ಬ್ಯಾರೆ ಅದ" ಅಂದಳು. ನಂತರ ಕೂತು ಒಂದೊಂದೇ ಬೇರೆ ಮಾಡಿದಳು.

ಆಯಿಗೆ ಓದು ಬರುತ್ತಿರಲಿಲ್ಲ. ಆದರೆ ಅವಳು ಹೇಳಿದ ಮಾತನ್ನು ಗಟ್ಟಿಯಾಗಿ ಹೇಳುವುದಕ್ಕೆ ರಸಾಯನಶಾಸ್ತ್ರಕ್ಕೆ ತುಂಬ ವರ್ಷ ಬೇಕಾಯಿತು. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಗಿಡಗಳಿಗೆಲ್ಲ ಎರಡು ಪದದ ಹೆಸರಿಟ್ಟಾಗ ಬೇವನ್ನೂ ಹುಚ್ಚುಬೇವನ್ನೂ ಮೀಲಿಯಾ ಎಂಬ ಒಂದೇ ಕುಲಕ್ಕೆ ಸೇರಿಸಿದ್ದ. 1830ರಲ್ಲಿ ಫ್ರಾನ್ಸಿನ ಆಡ್ರಿಯನ್ ಡಿ ಜೂಸ್ಯೂ ಬೇವನ್ನು ಅಲ್ಲಿಂದ ತೆಗೆದು ಅಝಾಡಿರಾಕ್ಟಾ ಎಂಬ ಬೇರೆ ಕುಲ ಮಾಡಿದ. ಅವನ ಕೈಯಲ್ಲಿ ಇದ್ದದ್ದು ಎಲೆ, ಹೂ, ಹಣ್ಣು ಅಷ್ಟೇ. ಬೇವಿನ ಎಲೆಕಡ್ಡಿಯ ಎರಡೂ ಕಡೆ ಎಸಳುಗಳು ನೇರವಾಗಿ ಹುಟ್ಟುತ್ತವೆ. ಹುಚ್ಚುಬೇವಿನಲ್ಲಿ ಕಡ್ಡಿ ಇನ್ನೊಮ್ಮೆ ಕವಲೊಡೆದು ಆಮೇಲೆ ಎಸಳು ಬರುತ್ತವೆ. ಬೇವಿನ ಗೊರಟದಲ್ಲಿ ಸಾಮಾನ್ಯವಾಗಿ ಒಂದೇ ಬೀಜ. ಹುಚ್ಚುಬೇವಿನ ಗೊರಟ ಗಟ್ಟಿ, ಅದರೊಳಗೆ ಹಲವು ಕೋಣೆ.

ಎಣ್ಣೆ ಏನು ಹೇಳುತ್ತದೆ? ಬೇವಿನ ಎಣ್ಣೆಯಲ್ಲಿ ಸುಮಾರು ಅರ್ಧ ಭಾಗ ಓಲಿಯಿಕ್ ಆಮ್ಲ. ಮೂರನೇ ಒಂದು ಭಾಗದಷ್ಟು ಗಟ್ಟಿಯಾಗುವ ಪಾಮಿಟಿಕ್, ಸ್ಟಿಯರಿಕ್ ಆಮ್ಲಗಳು. ಅದಕ್ಕೇ ಬೀದರಿನ ಚಳಿಗಾಲದಲ್ಲಿ ಬೇವಿನೆಣ್ಣೆ ಬಾಟಲಿಯೊಳಗೆ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ. ಹುಚ್ಚುಬೇವಿನ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಲಿನೊಲಿಯಿಕ್ ಆಮ್ಲ. ಅದು ತೆಳು ಎಣ್ಣೆ. ಆಯಿಯ ಬೆರಳಿಗೆ ಸಿಕ್ಕಿದ್ದು ಇದೇ ಇರಬಹುದು.

ಈ ಆಮ್ಲಗಳ ಹೆಸರು ಕೇಳಿ ಹೆದರಬೇಡಿ. ಎಣ್ಣೆಯ ಒಂದು ಅಣುವನ್ನು ಬಾರುಕೋಲು ಅಂದುಕೊಳ್ಳಿ. ಹಿಡಿಕೆ ಚಿಕ್ಕದು, ಅದು ಗ್ಲಿಸರಾಲ್. ಹಿಡಿಕೆಗೆ ಮೂರು ಬಾರು ಕಟ್ಟಿದೆ. ಒಂದೊಂದು ಬಾರೂ ಒಂದು ಕೊಬ್ಬಿನ ಆಮ್ಲ. ಬಹಳಷ್ಟು ಬಾರುಗಳ ಉದ್ದ 16 ಅಥವಾ 18 ಇಂಗಾಲದಷ್ಟು. ಬಾರು ನೆಟ್ಟಗಿದ್ದರೆ ಪಾಮಿಟಿಕ್, ಸ್ಟಿಯರಿಕ್. ಒಂದು ಕಡೆ ಬಾಗಿದ್ದರೆ ಓಲಿಯಿಕ್, ಎರಡು ಕಡೆ ಬಾಗಿದ್ದರೆ ಲಿನೊಲಿಯಿಕ್. ನೆಟ್ಟಗಿರುವವು ಒಂದರ ಮೇಲೊಂದು ಒತ್ತಾಗಿ ಕೂಡುತ್ತವೆ, ಎಣ್ಣೆ ಹೆಪ್ಪಾಗುತ್ತದೆ. ಬಾಗಿದವು ಹಾಗೆ ಕೂಡುವುದಿಲ್ಲ.

ಎಲೆಯಲ್ಲೂ ಕೊಬ್ಬಿದೆ, ಬೇರಿನಲ್ಲೂ ಇದೆ. ಹಾಗಾದರೆ ಬೀಜವೇ ಏಕೆ? ಎಲೆಯ ಕೊಬ್ಬು ಜೀವಕೋಶದ ಪೊರೆಗೆ ಬೇಕು. ಅದು ಕೆಟ್ಟರೆ ಗಿಡವೇ ಉಳಿಯುವುದಿಲ್ಲ. ಹಾಗಾಗಿ ಆಲದ ಎಲೆಯಾಗಲಿ, ಹತ್ತಿಯ ಎಲೆಯಾಗಲಿ, ಪೊರೆಯ ಕೊಬ್ಬು ಹೆಚ್ಚುಕಡಿಮೆ ಒಂದೇ ನಮೂನೆ. ಬೀಜದ ಎಣ್ಣೆ ಹಾಗಲ್ಲ. ಅದು ಮೊಳಕೆಗೆ ಕಟ್ಟಿಟ್ಟ ಬುತ್ತಿ. ಬುತ್ತಿಯಲ್ಲಿ ರೊಟ್ಟಿ ಇದ್ದರೂ ನಡೆಯುತ್ತದೆ, ಅನ್ನ ಇದ್ದರೂ ನಡೆಯುತ್ತದೆ. ಈ ಸಡಿಲಿನಲ್ಲೇ ಒಂದೊಂದು ಮನೆತನ ತನ್ನದೇ ರೂಢಿ ಬೆಳೆಸಿಕೊಂಡಿದೆ.

ಅಳೆಯುವ ಕೆಲಸ ಈಗ ಕಷ್ಟವಲ್ಲ. ತಿರುಳು ಅರೆದು, ಹೆಕ್ಸೇನ್ ಎಂಬ ದ್ರಾವಕದಲ್ಲಿ ಎಣ್ಣೆ ಕರಗಿಸಿ ತೆಗೆಯುತ್ತೇವೆ. ಮೂರೂ ಬಾರುಗಳನ್ನು ಹಿಡಿಕೆಯಿಂದ ಬಿಡಿಸಿ, ಮೆಥನಾಲಿನ ಜೊತೆ ಸೇರಿಸಿ, ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಯಂತ್ರದ ಸಣ್ಣ ಉದ್ದ ಕೊಳವೆಯೊಳಗೆ ಹಾಯಿಸುತ್ತೇವೆ. ಒಂದೊಂದು ಆಮ್ಲವೂ ಒಂದೊಂದು ಹೊತ್ತಿಗೆ ಹೊರಗೆ ಬರುತ್ತದೆ. ಜೇಮ್ಸ್ ಮತ್ತು ಮಾರ್ಟಿನ್ 1952ರಲ್ಲಿ ಈ ದಾರಿ ತೋರಿಸಿದರು. ಅದಕ್ಕೂ ಮೊದಲು ಲಿವರ್‌ಪೂಲ್‌ನಲ್ಲಿ ಹಿಲ್ಡಿಚ್ ಎಂಬವರು ಎಣ್ಣೆಗಳನ್ನು ಬಟ್ಟಿ ಇಳಿಸಿ, ಹರಳುಗಟ್ಟಿಸಿ ಬಿಡಿಸುತ್ತಿದ್ದರು. ಅದು ತುಂಬ ಎಣ್ಣೆ, ತುಂಬ ದಿನ ಬೇಡುವ ದುಡಿಮೆ. ಹಾಗೆ ದುಡಿದೇ ಅವರು ಒಂದು ಮಾತು ಗಟ್ಟಿಯಾಗಿ ಹೇಳಿದರು: ಒಂದೇ ಕುಟುಂಬದ ಗಿಡಗಳ ಬೀಜದ ಕೊಬ್ಬು ಒಂದನ್ನೊಂದು ಹೋಲುತ್ತದೆ. ಈಗ ಆ ಕೆಲಸಕ್ಕೆ ಕೆಲವು ಬೀಜ ಮತ್ತು ಒಂದು ತಾಸು ಸಾಕು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ನಾನೂ ಎಡವಿದ್ದೆ. ಓಲಿಯಿಕ್ ಎಷ್ಟು, ಲಿನೊಲಿಯಿಕ್ ಎಷ್ಟು ಎಂಬ ಲೆಕ್ಕ ಕೈಗೆ ಬಂದ ಕೂಡಲೇ ಅದನ್ನೇ ಹಿಡಿದು ಇದು ಅದರ ತಮ್ಮ, ಅದು ಇದರ ಅಣ್ಣ ಅಂತ ಹೇಳಬೇಕು ಅನಿಸುತ್ತದೆ. ಹಾಗೆ ಹೇಳಬಾರದು. ಏಕೆ ಅಂತ ತಿಳಿಯುವುದಕ್ಕೆ ನಮ್ಮ ಕುಸುಬೆ ಸಾಕು. ಅದು ಮರವಲ್ಲ ನಿಜ. ಆದರೆ ಈ ಪಾಠ ಅದರಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸುವುದಿಲ್ಲ.

ಹಿಂಗಾರಿನ ಜೋಳದ ಹೊಲಕ್ಕೆ ದನ ನುಗ್ಗದ ಹಾಗೆ ಸುತ್ತಲೂ ಕುಸುಬೆ ಸಾಲು ಹಾಕುವುದು ನಮ್ಮ ಕಡೆಯ ಹಳೆಯ ರೂಢಿ. ಆ ಕುಸುಬೆಯ ಎಣ್ಣೆಯಲ್ಲಿ ನೂರಕ್ಕೆ 75ರಷ್ಟು ಲಿನೊಲಿಯಿಕ್ ಆಮ್ಲ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೋಲ್ಸ್ ಎಂಬ ವಿಜ್ಞಾನಿ ಭಾರತದಿಂದ ಹೋದ ಕುಸುಬೆ ಬೀಜಗಳನ್ನು ಬೆಳೆದು ನೋಡುತ್ತಿದ್ದರು. ಅವುಗಳಲ್ಲಿ ಕೆಲವು ತಳಿಗಳ ಎಣ್ಣೆ ಪೂರ್ತಿ ಬೇರೆ. ಲಿನೊಲಿಯಿಕ್ ಕಡಿಮೆ, ಓಲಿಯಿಕ್ ನೂರಕ್ಕೆ 75ಕ್ಕೂ ಮೇಲೆ. ಇದು ಹೇಗೆ ಮುಂದಿನ ಪೀಳಿಗೆಗೆ ಹೋಗುತ್ತದೆ ಅನ್ನುವುದನ್ನು 1963ರಲ್ಲಿ ಅವರೂ ಜೊತೆಗಾರರೂ ತೋರಿಸಿದರು. ಕಾರಣ ಮುಖ್ಯವಾಗಿ ಒಂದೇ ಒಂದು ಜೀನ್. ಅದೇ ಮುಳ್ಳು, ಅದೇ ಹಳದಿ-ಕೇಸರಿ ಹೂ, ಅದೇ ಬಿಳಿ ಬೀಜ. ಹೊಲದಲ್ಲಿ ಅಕ್ಕಪಕ್ಕ ನಿಂತರೆ ಗುರುತು ಸಿಗುವುದಿಲ್ಲ. ಎಣ್ಣೆಯ ಲೆಕ್ಕ ಮಾತ್ರ ನೋಡಿದವನು ಇವೆರಡನ್ನೂ ಬೇರೆ ಬೇರೆ ಜಾತಿ ಅಂದುಬಿಡುತ್ತಾನೆ. ಸೂರ್ಯಕಾಂತಿಯಲ್ಲಿ ಜೀನ್ ಕೂಡ ಬದಲಾಗಬೇಕಿಲ್ಲ. ಕಾಳು ಕಟ್ಟುವ ಹೊತ್ತಿನಲ್ಲಿ ಬಿಸಿಲು ಜಾಸ್ತಿ ಇದ್ದರೆ ಓಲಿಯಿಕ್ ಏರುತ್ತದೆ, ತಂಪಿದ್ದರೆ ಲಿನೊಲಿಯಿಕ್ ಏರುತ್ತದೆ.

ಹಾಗಾಗಿ ಎಲ್ಲರ ಮನೆಯಲ್ಲೂ ಇರುವ ಆಮ್ಲದ ಪ್ರಮಾಣ ನೋಡಿ ನೆಂಟಸ್ತಿಕೆ ಕಟ್ಟಬಾರದು. ಎಲ್ಲರ ಮನೆಯಲ್ಲೂ ಜೋಳವಿದೆ. ಯಾರ ಮನೆಯಲ್ಲಿ ಎಷ್ಟು ಚೀಲ ಅನ್ನುವುದು ಆ ವರ್ಷದ ಮಳೆಯ ಮಾತು. ಮನೆತನ ಗೊತ್ತಾಗುವುದು ಬೇರೆಲ್ಲೂ ಇಲ್ಲದ ವಸ್ತು ಆ ಮನೆಯಲ್ಲಿ ಸಿಕ್ಕಾಗ. ಬೀಜದ ಎಣ್ಣೆಯಲ್ಲಿ ಅಂಥ ಅಪರೂಪದ ಆಮ್ಲಗಳಿವೆ. ಅವುಗಳ ಪ್ರಮಾಣಕ್ಕಿಂತ ಅವುಗಳ ಕಟ್ಟಡವೇ ನಮಗೆ ಮುಖ್ಯ.

ಹತ್ತಿಯಿಂದ ಶುರು ಮಾಡೋಣ. ಯಾದಗಿರಿ, ಕಲಬುರಗಿ ಕಡೆಯ ಕರಿ ಭೂಮಿಗೆ ಹತ್ತಿ ಹೊಸದಲ್ಲ. ಹತ್ತಿಕಾಳಿನ ಎಣ್ಣೆಯಲ್ಲಿ ಸ್ವಲ್ಪವೇ ಸ್ವಲ್ಪ ಮಾಲ್ವಾಲಿಕ್, ಸ್ಟರ್ಕ್ಯುಲಿಕ್ ಎಂಬ ಆಮ್ಲಗಳಿವೆ. ಇವುಗಳ ಬಾರಿನ ನಡುವೆ ಮೂರು ಇಂಗಾಲಗಳ ಪುಟ್ಟ ಉಂಗುರ ಇರುತ್ತದೆ. ಉಂಗುರದೊಳಗೆ ಒಂದು ಜೋಡಿ ಬಂಧ. ಇಷ್ಟು ಬಿಗಿಯಾದ ಉಂಗುರ ಪ್ರಕೃತಿಯಲ್ಲಿ ಅಪರೂಪ. ಹತ್ತಿಕಾಳಿನ ಹಿಂಡಿ ಜಾಸ್ತಿ ತಿಂದ ಕೋಳಿಯ ಮೊಟ್ಟೆಯನ್ನು ಕೆಲವು ದಿನ ಇಟ್ಟು ಒಡೆದರೆ ಬಿಳಿ ಭಾಗ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಅದು ಈ ಉಂಗುರದ ಕೆಲಸ. 1897ರಲ್ಲಿ ಹಾಲ್ಫೆನ್ ಎಂಬವರು ಬೇರೆ ಎಣ್ಣೆಗೆ ಹತ್ತಿಕಾಳಿನ ಎಣ್ಣೆ ಬೆರೆಸಿದ್ದಾರಾ ಅಂತ ಪತ್ತೆ ಮಾಡಲು ಒಂದು ಪರೀಕ್ಷೆ ಕಂಡುಹಿಡಿದರು. ಗಂಧಕ ಕರಗಿಸಿದ ದ್ರಾವಣ ಹಾಕಿ ಕಾಯಿಸಿದರೆ ಹತ್ತಿಕಾಳಿನ ಎಣ್ಣೆ ಕೆಂಪಾಗುತ್ತದೆ. ಏಕೆ ಕೆಂಪಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ. ಸ್ಟರ್ಕ್ಯುಲಿಕ್ ಆಮ್ಲದ ಉಂಗುರ ಬಿಡಿಸಿ ತೋರಿಸಿದ್ದು 1952ರಲ್ಲಿ.

ಆ ಪರೀಕ್ಷೆಗೆ ಹತ್ತಿಯ ಜೊತೆ ಬೇರೆ ಎಣ್ಣೆಗಳೂ ಕೆಂಪಾದವು. ದಿಂಬಿಗೆ ಅರಳೆ ಕೊಡುವ ಬಿಳಿ ಬೂರುಗದ ಎಣ್ಣೆ ಕೆಂಪಾಯಿತು. ದೊಡ್ಡಹುಣಸೆಯದೂ ಕೆಂಪಾಯಿತು. ಸವಣೂರಿನ ಮಠದಲ್ಲಿ ನಿಂತಿರುವ ಆನೆಯಂಥ ಮೂರು ಮರಗಳನ್ನು ನೋಡಿದವರು ಇಲ್ಲಿ ಇರಬಹುದು. ಹುಳಿ ತಿರುಳು ನೋಡಿ ನಮ್ಮ ಜನ ಹುಣಸೆ ಅಂದರು, ಆದರೆ ಹುಣಸೆಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಊರುಗಳಲ್ಲಿ ಜಂಗ್ಲಿ ಬಾದಾಮಿ ಅನ್ನುವ ಮರ ಇದೆ. ಹೂ ಬಿಟ್ಟಾಗ ಹತ್ತಿರ ನಿಲ್ಲುವುದಕ್ಕಾಗುವುದಿಲ್ಲ, ಅಷ್ಟು ನಾತ. ಬಾದಾಮಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಅದರ ಬೀಜದೆಣ್ಣೆಯಲ್ಲಿ ಅರ್ಧಕ್ಕೂ ಜಾಸ್ತಿ ಸ್ಟರ್ಕ್ಯುಲಿಕ್ ಆಮ್ಲವೇ. ಆಮ್ಲಕ್ಕೆ ಆ ಹೆಸರು ಬಂದದ್ದೂ ಆ ಮರದ ಕುಲದಿಂದಲೇ. ಹತ್ತಿ, ಬೂರುಗ, ದೊಡ್ಡಹುಣಸೆ, ಜಂಗ್ಲಿ ಬಾದಾಮಿ ಇವೆಲ್ಲ ನಾನು ಓದುವಾಗ ಮೂರು ಬೇರೆ ಬೇರೆ ಕುಟುಂಬ. 1998ರಲ್ಲಿ ಡಿಎನ್‌ಎ ಆಧಾರದ ಮೇಲೆ ಹೂಬಿಡುವ ಗಿಡಗಳನ್ನು ಹೊಸದಾಗಿ ಹೊಂದಿಸಿದಾಗ ಆ ಕುಟುಂಬಗಳನ್ನೆಲ್ಲ ಹತ್ತಿಯ ಕುಟುಂಬಕ್ಕೇ ಸೇರಿಸಿದರು. ಎಣ್ಣೆ ಕೆಂಪಾಗಿ ಆಗಲೇ ನೂರು ವರ್ಷವಾಗಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಇನ್ನೊಂದು ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕುಷ್ಠರೋಗಕ್ಕೆ ಈಗಿನ ಗುಳಿಗೆಗಳು ಬರುವ ಮೊದಲು ಚಾಲ್ಮೂಗ್ರಾ ಎಣ್ಣೆ ಒಂದೇ ಆಸರೆಯಾಗಿತ್ತು. ಕಲ್ಕತ್ತಾದ ಪೇಟೆಯಿಂದ ಬೀಜ ಯುರೋಪಿಗೆ ಹೋಗುತ್ತಿತ್ತು. ಅದು ಗೈನೋಕಾರ್ಡಿಯಾ ಎಂಬ ಮರದ ಬೀಜ ಅಂತ ಎಲ್ಲರೂ ನಂಬಿದ್ದರು. ಔಷಧಿಯ ಪುಸ್ತಕಗಳಲ್ಲೂ ಹಾಗೇ ಬರೆದಿತ್ತು. 1900ರ ಆಸುಪಾಸಿನಲ್ಲಿ ಕಲ್ಕತ್ತಾ ಸಸ್ಯೋದ್ಯಾನದ ಡೇವಿಡ್ ಪ್ರೇನ್, ಪೇಟೆಯ ಬೀಜ ಆ ಮರದ್ದಲ್ಲ, ಈಗ ನಾವು ಹಿಡ್ನೋಕಾರ್ಪಸ್ ಕುಲಕ್ಕೆ ಸೇರಿಸುವ ಬೇರೆ ಮರದ್ದು ಅಂತ ಗುರುತಿಸಿದರು. 1904ರಿಂದಾಚೆಗೆ ಲಂಡನ್ನಿನ ವೆಲ್ಕಂ ಪ್ರಯೋಗಾಲಯದಲ್ಲಿ ಫ್ರೆಡರಿಕ್ ಪವರ್ ಮತ್ತು ಜೊತೆಗಾರರು ಎಣ್ಣೆಗಳನ್ನೇ ಬಿಡಿಸಿ ನೋಡಿದರು. ಪೇಟೆಯ ಬೀಜದಲ್ಲಿ ಹಿಂದೆ ಯಾರೂ ಕಾಣದ ಆಮ್ಲ ಸಿಕ್ಕಿತು. ಬಾರಿನ ತುದಿಗೆ ಐದು ಇಂಗಾಲಗಳ ಉಂಗುರ. ಅದಕ್ಕೆ ಚಾಲ್ಮೂಗ್ರಿಕ್ ಆಮ್ಲ ಅಂತ ಹೆಸರಿಟ್ಟರು. ನಮ್ಮ ಪಶ್ಚಿಮ ಘಟ್ಟದ ಗರುಡಫಲವೂ ಹಿಡ್ನೋಕಾರ್ಪಸ್ಸೇ, ಅದರ ಎಣ್ಣೆಯಲ್ಲೂ ಅದು ಸಿಕ್ಕಿತು. ನಿಜವಾದ ಗೈನೋಕಾರ್ಡಿಯಾ ಬೀಜದಲ್ಲಿ ಇರಲಿಲ್ಲ. ತಲೆತಲಾಂತರದ ತಪ್ಪು ಎಣ್ಣೆಯ ಮುಂದೆ ನಿಲ್ಲಲಿಲ್ಲ.

ಈ ಎಣ್ಣೆ ಕುಡಿದರೆ ವಾಂತಿ, ಚುಚ್ಚಿದರೆ ಚರ್ಮದಡಿ ಗಂಟು. 1915-16ರಲ್ಲಿ ಹವಾಯಿಯಲ್ಲಿ ಆಲಿಸ್ ಬಾಲ್ ಎಂಬ ಕಪ್ಪು ಅಮೆರಿಕನ್ ಹುಡುಗಿ ಆ ಆಮ್ಲಗಳನ್ನು ಆಲ್ಕೋಹಾಲಿನ ಜೊತೆ ಸೇರಿಸಿ ಈಥೈಲ್ ಎಸ್ಟರ್ ಎಂಬ ರೂಪಕ್ಕೆ ತಂದು ಚುಚ್ಚುಮದ್ದಿಗೆ ಹೊಂದುವ ಹಾಗೆ ಮಾಡಿದಳು. 24 ವರ್ಷಕ್ಕೇ ತೀರಿಕೊಂಡಳು. ಇಲ್ಲಿ ಕೂತಿರುವ ಹೆಣ್ಣುಮಕ್ಕಳು ಆ ಹೆಸರು ನೆನಪಿಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ಕುಟುಂಬದ ಮಾತಿಗೆ ಬರೋಣ. ಹಿಡ್ನೋಕಾರ್ಪಸ್ಸನ್ನು ಬಹಳ ವರ್ಷ ಫ್ಲಕೋರ್ಷಿಯೇಸಿ ಎಂಬ ಕುಟುಂಬದಲ್ಲಿ ಇಟ್ಟಿದ್ದರು. ಎಲ್ಲೂ ಹೊಂದದ ಗಿಡಗಳನ್ನು ತಂದು ಅಲ್ಲಿ ಸೇರಿಸುತ್ತಿದ್ದರು. ನಮ್ಮ ಒಣ ಕಾಡುಗಳಲ್ಲಿ ಕೆಂಪಗಿನ ಹುಳಿ-ಸಿಹಿ ಹಣ್ಣು ಬಿಡುವ ಮುಳ್ಳಿನ ಫ್ಲಕೋರ್ಷಿಯಾ ಕೂಡ ಅದೇ ಕುಟುಂಬದಲ್ಲಿತ್ತು. ಆದರೆ ಅದರಲ್ಲಿ ಚಾಲ್ಮೂಗ್ರಿಕ್ ಆಮ್ಲ ಇಲ್ಲ. 2002ರಲ್ಲಿ ಡಿಎನ್‌ಎ ನೋಡಿ ಆ ಕುಟುಂಬವನ್ನು ಒಡೆದರು. ಮುಳ್ಳಿನ ಫ್ಲಕೋರ್ಷಿಯಾ ವಿಲ್ಲೋ ಮರಗಳ ಕಡೆ ಹೋಯಿತು. ಐದರ ಉಂಗುರದ ಆಮ್ಲ ಮಾಡುವ ಮರಗಳು ಅಕೇರಿಯೇಸಿ ಎಂಬ ಇನ್ನೊಂದು ಕುಟುಂಬಕ್ಕೆ ಹೋದವು. ಎಣ್ಣೆ ಎಳೆದ ಗೆರೆಯಲ್ಲೇ ಡಿಎನ್‌ಎ ಕೂಡ ನಡೆಯಿತು.

ಚಾಲ್ಮೂಗ್ರಿಕ್ ಇಲ್ಲದ ಗೈನೋಕಾರ್ಡಿಯಾ ಎಲ್ಲಿ ಹೋಯಿತು? ಅದೂ ಅಕೇರಿಯೇಸಿಗೇ ಹೋಯಿತು. ಇದು ನನಗೆ ತುಂಬ ಇಷ್ಟವಾದ ಭಾಗ. ಅದರ ಬೀಜದಲ್ಲಿ ಗೈನೋಕಾರ್ಡಿನ್ ಎಂಬ ವಿಷದ ವಸ್ತು ಇದೆ. ಅದರಲ್ಲೂ ಅದೇ ಐದು ಇಂಗಾಲಗಳ ಉಂಗುರ. ಈ ಗೈನೋಕಾರ್ಡಿನ್, ಆ ಚಾಲ್ಮೂಗ್ರಿಕ್ ಆಮ್ಲ ಎರಡೂ ಹುಟ್ಟುವುದು ಒಂದೇ ಅಮೈನೋ ಆಮ್ಲದಿಂದ. ಒಂದು ಮನೆಯಲ್ಲಿ ಅಣ್ಣ ಅದೇ ಹತ್ತಿಯಿಂದ ಜಮಖಾನ ನೇಯುತ್ತಾನೆ, ತಮ್ಮ ಹಗ್ಗ ಹೊಸೆಯುತ್ತಾನೆ. ಪವರ್ ಹೇಳಿದ್ದು ಸರಿ, ಗೈನೋಕಾರ್ಡಿಯಾ ಎಣ್ಣೆ ಬೇರೆಯೇ. ಆದರೆ ಎಣ್ಣೆಯಲ್ಲಿ ಒಂದು ಆಮ್ಲ ಇಲ್ಲ ಅಂದ ಮಾತ್ರಕ್ಕೆ ನೆಂಟರಲ್ಲ ಅನ್ನುವುದಕ್ಕಾಗುವುದಿಲ್ಲ.

ಇದೆ ಅಂದ ಮಾತ್ರಕ್ಕೆ ನೆಂಟರು ಅನ್ನುವುದಕ್ಕೂ ಆಗುವುದಿಲ್ಲ. ನಮ್ಮ ಔಡಲ ನೋಡಿ. ಬೀದರಿನಲ್ಲಿ ಬಿದರಿ ಕಲೆಯವರು ಅಚ್ಚಿನ ಮಣ್ಣಿಗೆ ಔಡಲೆಣ್ಣೆ, ರಾಳ ಕಲಸುತ್ತಾರೆ. ಅಷ್ಟು ಮಂದವಾದ ಎಣ್ಣೆ ಬೇರೆ ಇಲ್ಲ. ಆ ಮಂದಕ್ಕೆ ಕಾರಣ ರಿಸಿನೋಲಿಯಿಕ್ ಆಮ್ಲ, ಎಣ್ಣೆಯ ನೂರಕ್ಕೆ 85ಕ್ಕೂ ಮೇಲೆ ಅದೇ. ಈ ಆಮ್ಲ ಇನ್ನೆಲ್ಲಿ ಸಿಗುತ್ತದೆ ಗೊತ್ತಾ? ರೈ ಎಂಬ ಧಾನ್ಯದ ತೆನೆಗೆ ಹತ್ತುವ ಎರ್ಗಟ್ ಬೂಷ್ಟಿನಲ್ಲಿ. ನಮ್ಮ ಸಜ್ಜೆಗೆ ಬರುವ ಎರ್ಗಟ್ ಅದೇ ಕುಲದ್ದು. ಬೂಷ್ಟಿಗೂ ಔಡಲಕ್ಕೂ ಎಲ್ಲಿಯ ಸಂಬಂಧ! ಪಾಟೀಲ ಅನ್ನುವ ಅಡ್ಡಹೆಸರಿನವರು ಊರೂರಿಗೂ ಇದ್ದಾರಲ್ವಾ, ಊರಿನ ಗೌಡಿಕೆಯಿಂದ ಬಂದ ಹೆಸರದು. ಅಫಜಲಪುರದ ಪಾಟೀಲರೂ ಔರಾದಿನ ಪಾಟೀಲರೂ ಒಂದೇ ಮನೆಯವರು ಅಂತ ಯಾರೂ ಅನ್ನುವುದಿಲ್ಲ. ಕೆಲವು ಆಮ್ಲಗಳೂ ಹಾಗೆ. ಕಾರಣವೂ ಈಗ ಗೊತ್ತು. ಬಾರನ್ನು ಬಾಗಿಸುವ ಕಿಣ್ವದಲ್ಲಿ ನಾಲ್ಕೇ ನಾಲ್ಕು ಅಮೈನೋ ಆಮ್ಲ ಬದಲಾದರೆ ಅದು ರಿಸಿನೋಲಿಯಿಕ್‌ನಂಥ ಆಮ್ಲ ಮಾಡುವ ಕಿಣ್ವದ ಹಾಗೆ ನಡೆದುಕೊಳ್ಳಲು ಶುರು ಮಾಡುತ್ತದೆ ಅಂತ 1998ರಲ್ಲಿ ತೋರಿಸಿದರು. ಅಷ್ಟು ಸಣ್ಣ ಬದಲಾವಣೆ ಹಲವು ಕಡೆ ತಾನಾಗಿಯೇ ಆಗಬಹುದು.

ಗಂಧದ ಮರದ ಮಾತು ಎರಡೇ ಸಾಲಿನಲ್ಲಿ ಹೇಳುತ್ತೇನೆ. ಎಲ್ಲರಿಗೂ ಗೊತ್ತಿರುವುದು ಕೊರಡಿನ ಎಣ್ಣೆ. ಬೀಜದ ಎಣ್ಣೆಯೇ ಬೇರೆ, ಅದರಲ್ಲಿ ಮೂರು ಪಟ್ಟು ಬಂಧ ಇರುವ ಜಿಮೆನಿನಿಕ್ ಎಂಬ ಆಮ್ಲ ತುಂಬಿದೆ. ಗಂಧದ ದೂರದ ಬಳಗದಲ್ಲೂ ಅದು ಸಿಗುತ್ತದೆ.

ಪ್ರಮಾಣ ನೋಡಿ ನೆಂಟಸ್ತಿಕೆ ಕಟ್ಟಬಾರದು ಅಂದೆ. ಅದಕ್ಕೂ ಒಂದು ತಿದ್ದುಪಡಿ ಇದೆ. ಚಿಲಗೋಜಾ ತಿಂದಿದ್ದೀರಲ್ಲ, ಅದು ಪೈನ್ ಮರದ ಬೀಜ. ಪೈನ್ ಬಳಗದ ಬೀಜಗಳಲ್ಲಿ ಐದನೇ ಇಂಗಾಲದ ಹತ್ತಿರ ಬಾಗಿದ ಅಪರೂಪದ ಆಮ್ಲಗಳು ಹಲವು ಇವೆ. ಫ್ರಾನ್ಸಿನ ಬೊರ್ಡೊದಲ್ಲಿ ರಾಬರ್ಟ್ ವುಲ್ಫ್ ಎಂಬವರು ಆ ಬಳಗದ ಎಷ್ಟೋ ಮರಗಳ ಬೀಜ ತರಿಸಿ ಈ ಆಮ್ಲಗಳನ್ನೆಲ್ಲ ಒಟ್ಟಿಗೆ ಅಳೆದರು. ಒಂದನ್ನೇ ಹಿಡಿಯದೆ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದಾಗ ಪೈನ್, ಫರ್, ಲಾರ್ಚ್ ಇವೆಲ್ಲ ಬೇರೆ ಬೇರೆ ಗುಂಪಾಗಿ ಕೂತವು. ಅಂದರೆ ಪ್ರಮಾಣವೂ ಮಾತಾಡುತ್ತದೆ. ಆದರೆ ಒಂದು ಮರದ ಒಂದು ಹಿಡಿ ಬೀಜದಿಂದ ಅಲ್ಲ. ಹಲವು ಮರ, ಹಲವು ಊರು, ಹಲವು ಆಮ್ಲ ಬೇಕು.

ಹಾಗಾದರೆ ಬೇವು, ಹುಚ್ಚುಬೇವಿನ ಕಥೆ ಏನು? ಅವುಗಳ ಕೊಬ್ಬಿನ ಆಮ್ಲಗಳೆಲ್ಲ ಮಾಮೂಲಿ. ಅವುಗಳ ಮನೆತನದ ಗುರುತು ಇರುವುದು ಎಣ್ಣೆಯ ಜೊತೆ ಇಳಿದು ಬರುವ ಕಹಿಯಲ್ಲಿ. ಅದಕ್ಕೆ ಲಿಮೊನಾಯ್ಡ್ ಅನ್ನುತ್ತಾರೆ. ನಿಂಬೆ ಹಣ್ಣಿನ ಬೀಜ ಅಪ್ಪಿತಪ್ಪಿ ಕಚ್ಚಿದಾಗ ಬಾಯಿ ಕಹಿಯಾಗುತ್ತದಲ್ಲ, ಆ ಕಹಿ ಲಿಮೊನಿನ್. ಇಡೀ ಗುಂಪಿಗೆ ಅದರದೇ ಹೆಸರು. ನಿಂಬೆ, ಮೋಸಂಬಿ, ನಾವು ಶಿವನಿಗೆ ಏರಿಸುವ ಬಿಲ್ವಪತ್ರೆ ಒಂದು ಕುಟುಂಬ, ಬೇವು ಅದರ ಪಕ್ಕದ ಕುಟುಂಬ. ಎರಡೂ ಒಂದೇ ಗಣದವು, ಅಂದರೆ ಹಲವು ಕುಟುಂಬ ಸೇರಿದ ಒಂದೇ ದೊಡ್ಡ ಗುಂಪಿನವು. ಬೇವಿನ ಎಣ್ಣೆಯಿಂದ ನಿಂಬಿನ್ ಎಂಬ ಕಹಿಯನ್ನು 1942ರಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಬೇರ್ಪಡಿಸಿದರು. ಹುಳುಗಳ ಹಸಿವು ಕಟ್ಟುವ ಅಝಾಡಿರಾಕ್ಟಿನ್ 1968ರಲ್ಲಿ ಸಿಕ್ಕಿತು. ಅದರ ಪೂರ್ತಿ ಕಟ್ಟಡ ಬಿಡಿಸುವುದಕ್ಕೆ 1980ರ ದಶಕ ಮುಗಿಯುತ್ತ ಬಂತು. ಹುಚ್ಚುಬೇವು ಅದಕ್ಕೆ ತೀರ ಹತ್ತಿರದ ಮೀಲಿಯಾಕಾರ್ಪಿನ್ ಎಂಬ ವಸ್ತುಗಳನ್ನು ಮಾಡುತ್ತದೆ. ಒಂದೇ ಕಸುಬು, ಕೊನೆಯ ಮೆರುಗು ಬೇರೆ. ಅಂದರೆ ಎರಡೂ ಅಣ್ಣತಮ್ಮಂದಿರ ಮಕ್ಕಳು. ಲಿನೇಯಸ್ ಒಟ್ಟಿಗಿಟ್ಟದ್ದಕ್ಕೂ ಅರ್ಥವಿತ್ತು, ಜೂಸ್ಯೂ ಬೇರೆ ಮಾಡಿದ್ದಕ್ಕೂ ಅರ್ಥವಿತ್ತು.

ಮಾತು ಮುಗಿದ ಮೇಲೆ ಚಿತ್ತಾಪುರ ಕಡೆಯ ಒಬ್ಬ ವಿದ್ಯಾರ್ಥಿ ಎದ್ದು ನಿಂತ. "ಸರ್, ಡಿಎನ್‌ಎ ಅದ ಅಲ್ರಿ ಈಗ. ಮತ್ತ ಎಣ್ಣಿ ಯಾಕ್ ಬೇಕ್ರಿ?" ಅಂದ. ಒಳ್ಳೆಯ ಪ್ರಶ್ನೆ. ಯಾರು ಯಾರಿಗೆ ನೆಂಟರು ಅನ್ನುವ ಜಗಳ ಬಂದರೆ ಇವತ್ತು ಡಿಎನ್‌ಎ ಮಾತೇ ಮೇಲು, ಅದನ್ನು ಒಪ್ಪುತ್ತೇನೆ. ಆದರೆ ಆ ನೆಂಟರು ಏನು ಮಾಡಬಲ್ಲರು ಅನ್ನುವುದನ್ನು ಎಣ್ಣೆ ಹೇಳುತ್ತದೆ. ಒಂದು ಮರದಲ್ಲಿ ಬೇಕಾದ ಆಮ್ಲ ಸಿಕ್ಕಿತು, ಆದರೆ ಆ ಮರ ನಮ್ಮ ಬಿಸಿಲಿಗೆ ಬರುವುದಿಲ್ಲ ಅಂದುಕೊಳ್ಳಿ. ಆಗ ನಮ್ಮ ಕಡೆ ಬರುವ ಅದರ ದಾಯಾದಿ ಯಾರು ಅಂತ ಹುಡುಕಬಹುದು. ಅಮೆರಿಕದ ಪಿಯೋರಿಯಾದಲ್ಲಿ ಸರ್ಕಾರಿ ಪ್ರಯೋಗಾಲಯ 1950ರ ದಶಕದಿಂದ ಸಾವಿರಾರು ಕಾಡುಗಿಡಗಳ ಬೀಜದೆಣ್ಣೆ ಅಳೆದದ್ದು ಹೊಸ ಬೆಳೆ ಹುಡುಕುವುದಕ್ಕೇ. ಇಲ್ಲೇ ಪಕ್ಕದ ಹೈದರಾಬಾದಿನಲ್ಲಿ, ಕಲಬುರಗಿ-ಬೀದರ್ ಇನ್ನೂ ನಿಜಾಮರ ಆಳ್ವಿಕೆಯಲ್ಲಿದ್ದಾಗ 1944ರಲ್ಲಿ ಶುರುವಾದ ಪ್ರಯೋಗಾಲಯ ಇದೆ. ಈಗಿನ ಐಐಸಿಟಿ, ಅಂದರೆ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ಅದೇ. ಎಣ್ಣೆಬೀಜದ ಕೆಲಸಕ್ಕೆ ಹೆಸರಾದ ಸಂಸ್ಥೆ.

ಕೊನೆಗೆ ಸೇಡಂ ಕಡೆಯ ಒಬ್ಬ ಹುಡುಗಿ ಬಂದು ಕಾಗದದ ಪೊಟ್ಟಣ ಕೊಟ್ಟಳು. ಅವರ ಅಜ್ಜಿಯ ಹೊಲದ ಬದುವಿನ ಮರದ್ದಂತೆ, ಊರಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರಂತೆ. ಪೊಟ್ಟಣದ ಮೇಲೆ ಊರು, ಹೊಲ, ಆರಿಸಿದ ತಾರೀಖು ಎಲ್ಲ ಬರೆದಿದ್ದಳು. ಎಲೆ ಇರಲಿಲ್ಲ. ಮರ ಈಗ ಬೋಳಾಗಿದೆ ಸರ್ ಅಂದಳು. ಬೀಜ ಇಟ್ಟುಕೊ, ಚಿಗುರು ಬಂದು ಹೂ ಬಿಟ್ಟ ಮೇಲೆ ಒಂದು ರೆಂಬೆಯನ್ನು ಹಳೆಯ ಪೇಪರಿನಲ್ಲಿ ಒತ್ತಿ ಒಣಗಿಸಿ ತಾ, ಎರಡನ್ನೂ ಒಟ್ಟಿಗೆ ನೋಡೋಣ ಅಂದೆ. ಯುಗಾದಿ ಆದ ಮೇಲೆ ಬರುತ್ತೇನೆ ಅಂದಿದ್ದಾಳೆ.